ನೀನು ಅನ್ನಬೇಕಾ, ನೀವು ಅನ್ನಬೇಕಾ? ‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’ ಆಡಿದ ಮೇಲೆ

ಡಬ್ಬಿಂಗ್ ರೂಮಿನಲ್ಲಿ ಮೈಕ್ ಮುಂದೆ ನಿಂತ ಕಲಾವಿದರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಇಲ್ಲಿ ನೀನು ಅನ್ನಬೇಕಾ, ನೀವು ಅನ್ನಬೇಕಾ?"

ಬೇರೆ ಭಾಷೆಯ ಸೀರಿಯಲ್‌ಗಳಿಗೆ ಕನ್ನಡ ಸಂಭಾಷಣೆ ಬರೆಯುವುದು ನನ್ನ ಕೆಲಸ. ಹಿಂದಿಯಿಂದ ತರುವಾಗ ಈ ಪ್ರಶ್ನೆಗೆ ಉತ್ತರ ಅಲ್ಲೇ ಇರುತ್ತದೆ. ಆಪ್, ತುಮ್, ತೂ ಅಂತ ಮೂರು ಬಗೆ ಇವೆ. ಇಂಗ್ಲಿಷಿನಿಂದ ತರುವಾಗ ಸಿಗುವುದು ಬರೀ ಒಂದು ‘ಯೂ’. ರಾಜನಿಗೂ ಅದೇ, ಸಾಕಿದ ನಾಯಿಗೂ ಅದೇ. ಆಗ ಸುತ್ತಲಿನ ಮಾತಿಗೆ ಕಿವಿ ಕೊಡಬೇಕು. ಯಾರು ಕಡಿಮೆ ಮಾತಾಡುತ್ತಾರೆ, ಯಾರು ಅಡ್ಡ ಬಾಯಿ ಹಾಕುತ್ತಾರೆ, ಯಾರು ಹೆಸರು ಹಿಡಿದು ಕರೆಯುತ್ತಾರೆ ಅಂತ ನೋಡಬೇಕು. ಚೆನ್ನಾಗಿ ಬರೆದ ಸಂಭಾಷಣೆಯಾದರೆ ನಾಲ್ಕು ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ.

2025ರ ಮಾರ್ಚಿನಲ್ಲಿ ‘ವೇಲ್‌ಗಾರ್ಡ್’ ಅನ್ನುವ ವಿಡಿಯೋ ಗೇಮ್ ಪಿಎಸ್ ಪ್ಲಸ್‌ನ, ಅಂದರೆ ಪ್ಲೇಸ್ಟೇಷನ್‌ನ ಚಂದಾ ಸೇವೆಯ, ತಿಂಗಳ ಆಟವಾಗಿ ಬಂತು. ನಾನೂ ತಮ್ಮನೂ ಸೇರಿ ಎಪ್ಪತ್ತು ಗಂಟೆ ಆಡಿದೆವು. ಆಡುವಾಗಲೂ ನನ್ನ ತಲೆಯಲ್ಲಿ ಡಬ್ಬಿಂಗ್ ನಡೆಯುತ್ತಲೇ ಇತ್ತು. ಅದು ಅಭ್ಯಾಸ. ಮೂರನೇ ದಿನಕ್ಕೆ ಒಂದು ವಿಷಯ ಕಾಡತೊಡಗಿತು. ಈ ಆಟದ ಅರ್ಧಕ್ಕರ್ಧ ಜನ ಒಬ್ಬರಿಗೊಬ್ಬರು ನೀನು ಅನ್ನುತ್ತಾರೋ ನೀವು ಅನ್ನುತ್ತಾರೋ ನನಗೆ ಹೇಳಲಾಗುತ್ತಿರಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಕೆನಡಾದ ಬಯೋವೇರ್ ಮಾಡಿದ ಡ್ರ್ಯಾಗನ್ ಏಜ್ ಸರಣಿಯ ನಾಲ್ಕನೇ ದೊಡ್ಡ ಆಟ ಇದು. ಮೊದಲನೆಯದು ‘ಒರಿಜಿನ್ಸ್’, 2009ರಲ್ಲಿ ಬಂತು. ಮೂರನೆಯದು ‘ಇನ್‌ಕ್ವಿಸಿಷನ್’, 2014. ಅದಾಗಿ ಹತ್ತು ವರ್ಷ ಕಾದ ಮೇಲೆ 2024ರ ಅಕ್ಟೋಬರ್ 31ಕ್ಕೆ ಇದು ಬಂತು. ಸೋಲಸ್ ಅನ್ನುವ ಎಲ್ಫ್ (ಚೂಪು ಕಿವಿಯ ಒಂದು ಕಾಲ್ಪನಿಕ ಜನಾಂಗದವನು), ತಾನೇ ಹಿಂದೆ ಕಟ್ಟಿದ ಒಂದು ಮಾಯೆಯ ತೆರೆಯನ್ನು ಹರಿಯಲು ಹೊರಡುತ್ತಾನೆ. ಅವನನ್ನು ತಡೆಯಲು ಹೋಗಿ ಎರಡು ಹಳೆಯ ದುಷ್ಟ ದೇವರು ಸೆರೆಯಿಂದ ಹೊರಗೆ ಬೀಳುತ್ತಾರೆ. ನಾವು ಆಡುವ ಪಾತ್ರದ ಹೆಸರು ರೂಕ್. ಏಳು ಜನ ಜೊತೆಗಾರರನ್ನು ಕೂಡಿಸಿಕೊಂಡು ಆ ದೇವರುಗಳನ್ನು ಎದುರಿಸಬೇಕು.

ಕಾದಾಟ ಚೆನ್ನಾಗಿದೆ. ಊರುಗಳು ನೋಡಲು ಬಲು ಚೆಂದ. ನೆವಾರಾದ ಸ್ಮಶಾನ ನಗರದಲ್ಲಿ ಹಸಿರು ದೀಪಗಳ ನಡುವೆ ನಡೆಯುವುದೇ ಒಂದು ಸುಖ. ಕೂದಲು ಗಾಳಿಗೆ ಹಾರುವುದನ್ನು ನೋಡುತ್ತಾ ತಮ್ಮ ಹತ್ತು ನಿಮಿಷ ಸುಮ್ನೆ ಕೂತಿದ್ದ. ಇದರ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ.

ತಕರಾರು ಇರುವುದು ಮಾತಿನ ಬಗ್ಗೆ.

ಈ ಆಟದ ಒಂದು ಜಾಗ ಟೆವಿಂಟರ್. ಅಲ್ಲಿ ಮಂತ್ರವಾದಿಗಳೇ ಆಳುವವರು. ಗುಲಾಮರನ್ನು ಇಟ್ಟುಕೊಳ್ಳುವ ನಾಡು ಅದು, ಎಲ್ಫ್‌ಗಳೇ ಹೆಚ್ಚಾಗಿ ಗುಲಾಮರು. ಹಿಂದಿನ ಮೂರು ಆಟಗಳಲ್ಲೂ ಅದರ ಹೆಸರು ಹೇಳಿದರೆ ಎಲ್ಫ್‌ಗಳು ಹಲ್ಲು ಕಡಿಯುತ್ತಿದ್ದರು. ಈಗ ನಮ್ಮ ಗುಂಪಿನಲ್ಲಿ ಟೆವಿಂಟರ್‌ನ ಮಂತ್ರವಾದಿ ನೆವ್ ಇದ್ದಾಳೆ, ಕಾಡಿನ ಎಲ್ಫ್ ಬೆಲ್ಲಾರಾ ಇದ್ದಾಳೆ. ಇಬ್ಬರೂ ಮಾತಾಡಿಕೊಳ್ಳುವುದು ಒಂದೇ ಆಫೀಸಿನಲ್ಲಿ ಪಕ್ಕಪಕ್ಕದ ಸೀಟಿನಲ್ಲಿ ಕೂರುವವರ ಹಾಗೆ. ಏನೋ ಒಂದು ಕೆಲಸ ಮುಗಿಯುತ್ತದೆ. ಎಲ್ಲರೂ ಮೇಜಿನ ಸುತ್ತ ಸೇರುತ್ತಾರೆ. ಈಗ ಏನಾಯಿತು, ಮುಂದೆ ಏನು, ನಿನಗೆ ಹೇಗನ್ನಿಸಿತು, ನಾವಿದ್ದೇವೆ ಅಂತ ಸರದಿಯ ಮೇಲೆ ಹೇಳುತ್ತಾರೆ. ಸೋಮವಾರ ಬೆಳಿಗ್ಗೆಯ ಮೀಟಿಂಗ್ ಅದು. ಅಲ್ಲಿ ದೊಡ್ಡವರಿಲ್ಲ, ಸಣ್ಣವರಿಲ್ಲ. ಹಳೇ ದ್ವೇಷ ಇಲ್ಲ, ಹೆದರಿಕೆ ಇಲ್ಲ. ನೀನು ಹಾಕಿದರೂ ನಡೆಯುತ್ತದೆ, ನೀವು ಹಾಕಿದರೂ ನಡೆಯುತ್ತದೆ.

ಇದರ ಪಕ್ಕಕ್ಕೆ ‘ಒರಿಜಿನ್ಸ್’ ಇಟ್ಟು ನೋಡಿ. ಅದರಲ್ಲಿ ಸ್ಟೆನ್ ಅಂತ, ಕುನಾರಿ ಅನ್ನುವ ದೈತ್ಯದೇಹದ ಜನಾಂಗದ ಒಬ್ಬ ಯೋಧ ಬರುತ್ತಾನೆ. ಆಡುವುದೇ ನಾಲ್ಕು ಮಾತು. ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು ಮುಖ ತಿರುಗಿಸುತ್ತಾನೆ. ಅವನ ಕಳೆದುಹೋದ ಕತ್ತಿಯನ್ನು ಹುಡುಕಿ ಕೊಟ್ಟು, ಅವನ ಮನಸ್ಸು ಗೆದ್ದರೆ, ಒಂದು ದಿನ ನಮ್ಮನ್ನು ‘ಕಾದಾನ್’ ಅನ್ನುತ್ತಾನೆ. ಎದೆಯ ನಡುವೆ ಇರುವವರು ಅಂತ ಅದರ ಅರ್ಥ. ಎಷ್ಟೋ ಗಂಟೆ ಕಾದ ಮೇಲೆ ಆ ಒಂದು ಪದ ಬರುತ್ತದೆ. ನಮ್ಮಲ್ಲಿ ನೀವು ಅನ್ನುತ್ತಿದ್ದವರು ಮೊದಲ ಸಲ ನೀನು ಅಂದಾಗ ಆಗುವುದೇ ಇದು, ಅಲ್ವಾ? ಇಂಗ್ಲಿಷಿನಲ್ಲಿ ಆ ಸೌಕರ್ಯ ಇಲ್ಲ. ಬರೆದವರು ಒಂದು ಪದವನ್ನು ಕಟ್ಟಿ, ಕಾಯಿಸಿ, ಸರಿಯಾದ ಹೊತ್ತಿಗೆ ಬಿಟ್ಟರು.

ಹಾಗಾದರೆ ಹಳೇ ಕಾಲದ ಭಾಷೆಯೇ ಬೇಕು ಅಂತೀಯಾ ಅಂತ ತಮ್ಮ ಕೇಳಿದ. ಇಲ್ಲ. ಇದನ್ನು ನಾನು ಅಪ್ಪನಿಂದ ಕಲಿತೆ.

ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಹೊನ್ನಾವರದ ಕಡೆ, ಮಳೆಗಾಲದಲ್ಲಿ, ದೇವಸ್ಥಾನದ ಚಾವಡಿಯಲ್ಲಿ. ವೇಷ ಇಲ್ಲ, ಕಿರೀಟ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದ ಜನ ಎದುರುಬದುರು ಕೂತಿರುತ್ತಾರೆ. ಭಾಗವತರ ಪದ ಮುಗಿದ ಮೇಲೆ ಇವರ ಮಾತು. ದ್ವಾರಕೆಯೂ ಹಸ್ತಿನಾವತಿಯೂ ಬರೀ ಮಾತಿನಲ್ಲಿ ಏಳಬೇಕು. ಒಂದು ಸಲ ಕೃಷ್ಣಸಂಧಾನದಲ್ಲಿ ಕೃಷ್ಣನ ಅರ್ಥ ಹೇಳುತ್ತಿದ್ದವರ ಬಾಯಲ್ಲಿ "ಟೈಮು" ಅಂತ ಬಂದುಬಿಟ್ಟಿತು. ಕೌರವನಾಗಿ ಕೂತಿದ್ದ ಅಪ್ಪ ಬಿಡಲಿಲ್ಲ. "ಅದ್ಯಾವ ಮಾತು ಕೃಷ್ಣ? ನಮ್ಮ ಹಸ್ತಿನಾವತಿಯಲ್ಲಿ ಕೇಳಿದ್ದಿಲ್ಲ" ಅಂದರು. ಚಾವಡಿ ಪೂರ್ತಿ ನಕ್ಕಿತು. ಆ ಕೃಷ್ಣ "ನಿನ್ನ ಕಾಲ ಮುಗಿಯುತ್ತಾ ಬಂತು ಅನ್ನುವ ಮಾತು ಕೌರವಾ" ಅಂತ ಅಲ್ಲೇ ಎತ್ತಿಕೊಂಡರು. ಇವತ್ತಿಗೂ ನನಗೆ ಮೈ ಜುಂ ಅನ್ನುತ್ತದೆ.

ಅವರಿಬ್ಬರೂ ಆಡುತ್ತಿದ್ದದ್ದು ಹಳಗನ್ನಡ ಅಲ್ಲ. ಎದುರಿಗೆ ಕೂತ ಅಜ್ಜಿಗೂ ಅರ್ಥವಾಗುವ ಕನ್ನಡ. ಆದರೆ ಆ ಲೋಕದ ಹೊರಗಿನ ಪದವನ್ನು ಒಳಗೆ ಬಿಡುತ್ತಿರಲಿಲ್ಲ. ಯಕ್ಷಗಾನದ ಆಟದಲ್ಲಿ ಹಾಸ್ಯಗಾರನಿಗೆ ಮಾತ್ರ ಇದರಿಂದ ವಿನಾಯಿತಿ. ಅವನು ಬಸ್ಸಿನ ಮಾತು ಆಡಬಹುದು, ಊರ ಪಟೇಲರನ್ನು ಕೆಣಕಬಹುದು. ಅವನೊಬ್ಬನಿಗೆ ಆ ಸಲುಗೆ ಇರುವುದರಿಂದಲೇ ಉಳಿದವರ ಮಾತಿಗೆ ತೂಕ ಬರುತ್ತದೆ.

‘ಒರಿಜಿನ್ಸ್’ನ ಆಲಿಸ್ಟರ್ ಹಾಗೆ. ಅವನ ತಮಾಷೆ ಪೂರ್ತಿ ನಮ್ಮ ಕಾಲದ್ದು, ಆದರೆ ಅವನ ಸುತ್ತ ಇದ್ದವರು ಯಾರೂ ಹಾಗೆ ಮಾತಾಡುತ್ತಿರಲಿಲ್ಲ. 2023ರ ‘ಬಾಲ್ಡರ್ಸ್ ಗೇಟ್ 3’ ಅನ್ನುವ ಇನ್ನೊಂದು ಆಟದ ಕಾರ್ಲಾಕ್ ಕೂಡ ಹಾಗೇ. ಅವಳು ಬೈದರೆ ಇವತ್ತಿನ ಬೀದಿಯ ಬೈಗುಳ. ಅದೇ ಬಿಡಾರದಲ್ಲಿ ಲೇಝೆಲ್ ತನ್ನವರಲ್ಲದವರನ್ನೆಲ್ಲ ‘ಇಸ್ಟಿಕ್’ ಅಂತ ತುಚ್ಛವಾಗಿ ಕರೆಯುತ್ತಾಳೆ. ಮುದಿ ವಿದರ್ಸ್ ಒಬ್ಬ ‘ದೌ, ದೀ’ ಅಂತ ಶತಮಾನಗಳ ಹಿಂದಿನ ಇಂಗ್ಲಿಷ್ ಆಡುತ್ತಾನೆ. ಮೂವರಿಗೂ ನಾನು ಕಣ್ಣು ಮುಚ್ಚಿ ಕನ್ನಡ ಬರೆಯಬಲ್ಲೆ.

ಓಕೆ ಪದದ ಬಗ್ಗೆ ಒಂದು ಮಾತು. ‘ವೇಲ್‌ಗಾರ್ಡ್’ನಲ್ಲಿ ಎಲ್ಲರೂ ಓಕೆ ಅನ್ನುತ್ತಾರೆ ಅಂತ ತುಂಬ ಜನ ಬೈದಿದ್ದಾರೆ. ಆ ಪದ ಅಚ್ಚಾದದ್ದು 1839ರಲ್ಲಿ, ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ, ತಪ್ಪು ಸ್ಪೆಲಿಂಗಿನ ತಮಾಷೆಯಾಗಿ. ಆದರೆ ಆಟದ ಥೀಡಸ್ ನಮ್ಮ ಭೂಮಿಯ ಹಿಂದಿನ ಕಾಲ ಅಲ್ಲ. ಅದು ಬೇರೆಯೇ ಲೋಕ, ಅದರ ಪಂಚಾಂಗವೇ ಬೇರೆ. ಅಲ್ಲಿ ಓಕೆ ಇರಬಾರದು ಅನ್ನಲು ಇತಿಹಾಸದ ಪುಸ್ತಕ ಸಾಲದು. ನನಗೆ ಕಿರಿಕಿರಿ ಆಗುವುದು ಓಕೆಯ ವಯಸ್ಸಿನಿಂದಲ್ಲ. ಆ ಲೋಕಕ್ಕೆ ತನ್ನದೇ ಉದ್ಗಾರಗಳಿದ್ದವು. "ಮೇಕರ್ಸ್ ಬ್ರೆತ್" ಅಂದರೆ ಸೃಷ್ಟಿಕರ್ತನ ಮೇಲೆ ಆಣೆ ಇಟ್ಟ ಹಾಗೆ. ಅಲ್ಲಿನ ಕುಳ್ಳ ಜನಾಂಗದವರು ಕಲ್ಲಿನ ಮೇಲೆ, ಹಿರಿಯರ ಮೇಲೆ ಆಣೆ ಇಡುತ್ತಿದ್ದರು. ಎಲ್ಫ್‌ಗಳಿಗೆ ಮನುಷ್ಯರು ‘ಶೆಮ್ಲೆನ್’, ಬೇಗ ಹುಟ್ಟಿ ಬೇಗ ಸಾಯುವ ಮಕ್ಕಳು. ಒಂದೊಂದು ಪದದಲ್ಲೂ ಒಂದೊಂದು ಜಾತಿಯ ನೋವು, ನಂಬಿಕೆ ಇತ್ತು. ಈಗ ಆ ಪದಗಳು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತವೆ. ಮನೆಯಲ್ಲಿ ಹಬ್ಬಕ್ಕೆ ಮಾತ್ರ ಇಳಿಸುವ ಹಿತ್ತಾಳೆ ಪಾತ್ರೆ ಥರ.

ಇದೇ ಹೊತ್ತಿಗೆ, 2025ರ ಫೆಬ್ರವರಿಯಲ್ಲಿ, ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 2’ ಅನ್ನುವ ಆಟ ಬಂತು. ಅದು ನಡೆಯುವುದು 1403ರ ಬೊಹೆಮಿಯಾದಲ್ಲಿ, ಅಂದರೆ ಈಗಿನ ಚೆಕ್ ನಾಡಿನಲ್ಲಿ. ಅಲ್ಲೂ ಜನ ಆಡುವುದು ಸರಳ ಇಂಗ್ಲಿಷೇ. ಆದರೆ ಎದುರಿಗೆ ಸಿಕ್ಕವರು ಯೇಸುಕ್ರಿಸ್ತನಿಗೆ ಸ್ತುತಿ ಹೇಳಿ ಮಾತು ಶುರು ಮಾಡುತ್ತಾರೆ. ಆ ಒಂದು ನಮಸ್ಕಾರ ಸಾಕು, ನಾವು ಯಾವ ಕಾಲದಲ್ಲಿದ್ದೇವೆ ಅಂತ ತಿಳಿಯಲು.

‘ವೇಲ್‌ಗಾರ್ಡ್’ನಲ್ಲಿ ಪೂರ್ತಿ ಹೀಗೇ ಆಗಿದೆ ಅಂದರೆ ಅನ್ಯಾಯ. ಎಮ್ರಿಕ್ ಇದ್ದಾನೆ. ಸತ್ತವರ ಜೊತೆ ಮಾತಾಡುವ ಮಂತ್ರವಾದಿ, ಮೇಷ್ಟ್ರು, ಸಾವಿಗೆ ಹೆದರುವವನು. ಅವನ ಮನೆಗೆಲಸಕ್ಕೆ ಮ್ಯಾನ್‌ಫ್ರೆಡ್ ಅಂತ ಒಂದು ಅಸ್ಥಿಪಂಜರ. ಎಮ್ರಿಕ್ ಬಾಯಿ ತೆರೆದರೆ ‘ತಾವು’ ತಾನಾಗಿ ಬರುತ್ತದೆ. ಮ್ಯಾನ್‌ಫ್ರೆಡ್‌ಗೆ ಮಾತ್ರ ‘ನೀನು’, ಅದೂ ಎಷ್ಟು ಅಕ್ಕರೆಯಿಂದ! ಇನ್ನೊಬ್ಬ ಜೊತೆಗಾರ ಲುಕಾನಿಸ್‌ನ ಮೈಯೊಳಗೆ ಸೇರಿಕೊಂಡ ಸ್ಪೈಟ್ ಅನ್ನುವ ಪಿಶಾಚಿ ತುಂಡು ತುಂಡಾಗಿ ಮಾತಾಡುತ್ತದೆ. ಅದಕ್ಕೆ ‘ನೀನು’ ಬಿಟ್ಟರೆ ಬೇರೆ ಗೊತ್ತೇ ಇಲ್ಲ. ಸೋಲಸ್ ಅಂತೂ ಬಿಡಿ. ಗ್ಯಾರೆತ್ ಡೇವಿಡ್-ಲಾಯ್ಡ್ ಕಂಠದಲ್ಲಿ ಅವನ ಸಾಲುಗಳಿಗೆ ಒಂದು ಲಯ ಇದೆ, ತಾಳ ಹಾಕಬಹುದು. ಅವನು ಮಾತಾಡುವಾಗಲೆಲ್ಲ ನಾನು ಕಂಟ್ರೋಲರ್ ಕೆಳಗಿಟ್ಟು ಕೇಳಿದೆ. ಈ ಮೂವರನ್ನು ಬರೆಯಬಲ್ಲವರಿಗೆ ಉಳಿದವರನ್ನೂ ಬರೆಯಲು ಬರುತ್ತಿತ್ತು. ಅದಕ್ಕೇ ಹೊಟ್ಟೆ ಉರಿಯುವುದು.

ಆದ್ದರಿಂದ ಹೇಳುತ್ತೇನೆ, ಪಿಎಸ್ ಪ್ಲಸ್‌ನಲ್ಲಿ ಸೇರಿಸಿಕೊಂಡಿದ್ದವರು ಖಂಡಿತ ಆಡಿ. ದುಡ್ಡು ಕೊಟ್ಟು ಕೊಳ್ಳುವವರು ರಿಯಾಯಿತಿಗೆ ಕಾಯಿರಿ. ಸರಣಿಗೆ ಹೊಸಬರಾದರೆ ‘ಒರಿಜಿನ್ಸ್’ನಿಂದ ಶುರು ಮಾಡಿ, ಚಿತ್ರ ಹಳೆಯದಾದರೂ ಪರವಾಗಿಲ್ಲ.

ಇನ್ನು ಈ ಆಟದ ಒಂದು ಊಟದ ದೃಶ್ಯ. ಅದರ ಬಗ್ಗೆ ಆದಷ್ಟು ಜಗಳ ಇನ್ನಾವುದರ ಬಗ್ಗೆಯೂ ಆಗಲಿಲ್ಲ. ನಮ್ಮ ಜೊತೆಗಾರರಲ್ಲೊಬ್ಬರಾದ ಟಾಶ್ ಡ್ರ್ಯಾಗನ್ ಬೇಟೆಯಾಡುವವರು. ಅವರ ತಾಯಿ ಶಥಾನ್ ಕುನಾರಿ ಪಂಡಿತೆ, ತನ್ನ ನಾಡು ಬಿಟ್ಟು ಬಂದವಳು. ಊಟಕ್ಕೆ ಕೂತಾಗ ಟಾಶ್ ತಾಯಿಗೆ "ನಾನು ನಾನ್‌ಬೈನರಿ" ಅಂತ ಹೇಳುತ್ತಾರೆ, ಗಂಡು ಹೆಣ್ಣು ಎರಡಕ್ಕೂ ಸೇರದವರು ಅಂತ. ತಾಯಿಗೆ ಆ ಪದವೇ ತಿಳಿಯುವುದಿಲ್ಲ. ಟಾಶ್ ಅಂಥವರು ಆ ಲೋಕದಲ್ಲಿ ಇರಬಾರದು ಅಂತ ಬೈದವರ ಜೊತೆ ನಾನಿಲ್ಲ. ಅಂಥವರು ಎಲ್ಲ ಲೋಕದಲ್ಲೂ ಇದ್ದಾರೆ. ಸವದತ್ತಿಯ ಗುಡ್ಡದಲ್ಲಿ ಚೌಡಿಕೆ ಹಿಡಿದು ಹಾಡುವ ಜೋಗಪ್ಪಗಳಿಗೆ ನಾವು ಹೊರಗಿನಿಂದ ಪದ ತರಬೇಕಾಗಲಿಲ್ಲ.

ಕುನಾರಿಗಳಿಗೂ ಒಂದು ಪದ ಇತ್ತು. ‘ಇನ್‌ಕ್ವಿಸಿಷನ್’ನಲ್ಲಿ ಐರನ್ ಬುಲ್ ಅನ್ನುವ ಕುನಾರಿ ಹೇಳುತ್ತಾನೆ: ‘ಅಕುನ್-ಅಥ್ಲಾಕ್’. ಹುಟ್ಟಿನಿಂದ ಒಂದಾಗಿ, ಬದುಕಿನಲ್ಲಿ ಇನ್ನೊಂದಾದವರು. ಅದು ಟಾಶ್‌ಗೆ ಪೂರ್ತಿ ಹೊಂದುವುದಿಲ್ಲ, ಟಾಶ್ ಎರಡೂ ಅಲ್ಲ. ಹೊಂದದೇ ಇರುವುದೇ ಒಳ್ಳೆಯ ಸಂಭಾಷಣೆಗೆ ಜಾಗ ಅಲ್ಲವೇ? ತಾಯಿ ಮಗು ಕೂತು, ತಮ್ಮ ಭಾಷೆಯಲ್ಲಿ ಇಲ್ಲದ ಪದಕ್ಕೆ ತಡಕಾಡಬಹುದಿತ್ತು. ಅದರ ಬದಲು ನಮ್ಮ ಕಾಲದ ಪದವೊಂದು ಸಿದ್ಧವಾಗಿ ಬಂದು ಮೇಜಿನ ಮೇಲೆ ಕೂತಿತು. ತಾಯಿ ಮಗುವಿನ ಜಗಳ ಪದದ ಅರ್ಥದ ಜಗಳ ಆಗಿಹೋಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಆ ದೃಶ್ಯವನ್ನು ಕನ್ನಡದಲ್ಲಿ ಬರೆದೆ. ಟಾಶ್ ಬಾಯಲ್ಲಿ ಇಷ್ಟೇ ಇಟ್ಟೆ: "ನಾನು ಗಂಡೂ ಅಲ್ಲಮ್ಮಾ, ಹೆಣ್ಣೂ ಅಲ್ಲ." ಬೇರೆ ಪದ ಬೇಕಾಗಲಿಲ್ಲ. ಗೆಳೆಯರು ಟಾಶ್ ಬಗ್ಗೆ ಹೇಳುವಾಗ ‘ಅವರು’, ‘ಬಂದರು’, ‘ಹೋದರು’. ಕನ್ನಡದಲ್ಲಿ ಅದು ಗೌರವದ ಮಾತು, ಗಂಡಿಗೂ ಹೆಣ್ಣಿಗೂ ಒಂದೇ.

ತೊಡಕಾದದ್ದು ಶಥಾನ್. ಹೆತ್ತವಳು ಹೆತ್ತ ಮಗುವನ್ನು ‘ಅವರು’ ಅಂದರೆ ದೂರ ತಳ್ಳಿದ ಹಾಗೆ ಕೇಳುತ್ತದೆ. ‘ಅವಳು’ ಅನ್ನುವುದನ್ನು ಟಾಶ್ ಆಗಲೇ ಬೇಡ ಅಂದಾಗಿದೆ. ‘ಅವನು’ ಅಂದರೆ ಸುಳ್ಳಾಗುತ್ತದೆ. ಪೆನ್ನು ಹಿಡಿದು ತುಂಬ ಹೊತ್ತು ಕೂತೆ. ಆಮೇಲೆ ಹೊಳೆಯಿತು. ಊಟ ಬಿಟ್ಟು ಟಾಶ್ ಎದ್ದು ಹೋದ ಮೇಲೆ ತಾಯಿ ರೂಕ್ ಕಡೆ ತಿರುಗುತ್ತಾಳೆ. ಅಲ್ಲಿಗೆ ಒಂದು ಸಾಲು ಸೇರಿಸಿದೆ: "ಮಗು ಊಟ ಮಾಡದೇ ಹೋಯ್ತು."