1974ರ ಮೊದಲ ಪ್ರೆಸಿಂಗ್ ಅಂತ ನಂಬಿಸಿ ನಾಮ ಹಾಕಿದ, ನೀವು ಸಿಕ್ಕಿಹಾಕಿಕೊಳ್ಳಬೇಡಿ

ಹಳೇ ರೆಕಾರ್ಡ್ ಕೊಳ್ಳೋರೆಲ್ಲ ದಯವಿಟ್ಟು ಓದಿ. 260 ಡಾಲರ್ ಹೋಯಿತು. ಹಣಕ್ಕಿಂತ ಹೆಚ್ಚಾಗಿ, ಎಲ್ಲ ಗೊತ್ತಿದ್ದೂ ಮೋಸ ಹೋದೆನಲ್ಲ ಅನ್ನೋ ಸಂಕಟಕ್ಕೆ ಎರಡು ದಿನದಿಂದ ನಿದ್ದೆಯಿಲ್ಲ.

ಅಮೆರಿಕದ ಸಂಗೀತಗಾರರಾದ ಗಿಲ್ ಸ್ಕಾಟ್-ಹೆರಾನ್, ಬ್ರಯಾನ್ ಜ್ಯಾಕ್ಸನ್ ಇಬ್ಬರೂ ಸೇರಿ ಮಾಡಿದ 'ವಿಂಟರ್ ಇನ್ ಅಮೆರಿಕ' ಆಲ್ಬಮ್. ಮೇ 1974ರಲ್ಲಿ ಸ್ಟ್ರಾಟಾ-ಈಸ್ಟ್‌ನಿಂದ ಬಂದದ್ದು. ಜಾಝ್ ಕಲಾವಿದರೇ ಕಟ್ಟಿಕೊಂಡ ಸಣ್ಣ ಕಂಪನಿ ಅದು, ಮೊದಲ ಪ್ರೆಸಿಂಗ್, ಅಂದರೆ ಆಲ್ಬಮ್ ಬಂದಾಗ ಮೊದಲ ಸಲ ಅಚ್ಚು ಹಾಕಿದ ತಟ್ಟೆ, ಸುಲಭಕ್ಕೆ ಕೈಗೆ ಸಿಗಲ್ಲ. ರೆಕಾರ್ಡಿಂಗ್ ಆದದ್ದು ಇಲ್ಲೇ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗಿನಲ್ಲಿ, ನನ್ನ ಮನೆಯಿಂದ ಇಪ್ಪತ್ತು ನಿಮಿಷ. ಆರು ವರ್ಷದಿಂದ ಹುಡುಕುತ್ತಿದ್ದೆ.

'1974ರ ಒರಿಜಿನಲ್' ಅಂತ ಒಬ್ಬ ಮಾರಾಟಕ್ಕೆ ಹಾಕಿದ್ದ. ವಿಚಾರಿಸಿದೆ. 'ತುಂಬ ಚೆನ್ನಾಗಿದೆ, ಟೈಟಲ್ ಹಾಡಿನ ಮೇಲೆ ಮಾತ್ರ ಒಂದು ಸಣ್ಣ ಗೀರು' ಅಂದ. ಅಲ್ಲೇ ನಿಲ್ಲಬೇಕಿತ್ತು! ಆ ಆಲ್ಬಮ್ಮಿನಲ್ಲಿ ಟೈಟಲ್ ಹಾಡೇ ಇಲ್ಲ. ಆ ಹೆಸರಿನ ಹಾಡು ಬಂದದ್ದು ಅವರ ಮುಂದಿನ ಆಲ್ಬಮ್ಮಿನಲ್ಲಿ, 1975ರಲ್ಲಿ. ಇದು ನನಗೆ ಗೊತ್ತು. ಗೊತ್ತಿದ್ದೂ, ಬಾಯಿತಪ್ಪಿ ಅಂದಿರಬೇಕು ಅಂತ ಅವನ ಪರವಾಗಿ ನಾನೇ ಸಮಾಧಾನ ಹೇಳಿಕೊಂಡೆ. ಕಮಿಷನ್ ಉಳಿಯುತ್ತೆ, ಸ್ನೇಹಿತರಿಗೆ ಕಳಿಸೋ ಹಾಗೆ ಕಳಿಸಿ ಅಂದ. ಕಳಿಸಿದೆ. ಹಾಗೆ ಕಳಿಸಿದರೆ ದೂರು ಕೊಟ್ಟರೂ ಹಣ ವಾಪಸ್ ಬರಲ್ಲ, ಅದೂ ಗೊತ್ತಿತ್ತು.

ಪಾರ್ಸೆಲ್ ಬಂತು. ಕವರಿನ ಹಿಂದೆ ಕೆಳಮೂಲೆಯಲ್ಲಿ ಯಾವುದೋ ಅಂಗಡಿಯ ಮಾಸಿದ ಬೆಲೆಚೀಟಿ. ಫೋಟೋದಲ್ಲಿ ಅದನ್ನು ನೋಡಿಯೇ, ಹಳೇ ಮಾಲು ಅಂತ ಖುಷಿಪಟ್ಟಿದ್ದೆ. ಅಂಚು ಎದ್ದಿತ್ತು, ಉಗುರಿನಲ್ಲಿ ಮೆಲ್ಲಗೆ ಬಿಡಿಸಿದೆ. ಕೆಳಗೆ ಬಾರ್‌ಕೋಡ್.

ಅಮೆರಿಕದ ಅಂಗಡಿಯಲ್ಲಿ ಮೊದಲ ಸಲ ಇಂಥ ಬಾರ್‌ಕೋಡ್ ಸ್ಕ್ಯಾನ್ ಮಾಡಿದ್ದೇ 1974ರ ಜೂನ್ 26ಕ್ಕೆ, ಒಹಾಯೋದಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲೆ. ಮೇ ತಿಂಗಳಲ್ಲಿ ಬಂದ ರೆಕಾರ್ಡಿನ ಮೇಲೆ ಬಾರ್‌ಕೋಡ್ ಎಲ್ಲಿಂದ ಬರಬೇಕು? ಆ ಚೀಟಿ ಅಲ್ಲಿ ತಾನಾಗಿ ಬಂದು ಕೂತದ್ದಲ್ಲ. ಬೇಕಂತಲೇ ಅಂಟಿಸಿದ್ದು. ಕೈ ನಡುಗಿತು ನನಗೆ.

ಕೇಳಿದೆ. ಮೊದಲ ಉತ್ತರ: 'ಒರಿಜಿನಲ್ ಅಂದರೆ ಒರಿಜಿನಲ್ ರೆಕಾರ್ಡಿಂಗ್ ಅಂತ ಅರ್ಥ, ಬೇರೆ ಯಾರೋ ಹಾಡಿದ್ದಲ್ಲ.' 1974 ಅಂತ ಯಾಕೆ ಬರೆದಿರಿ ಅಂದೆ. 'ಆಲ್ಬಮ್ ಬಂದದ್ದು 1974ರಲ್ಲೇ ತಾನೇ?' ಚೀಟಿ ಯಾಕೆ ಅಂಟಿಸಿದಿರಿ ಅಂತ ಮೂರು ಸಲ ಕೇಳಿದೆ. ಮೂರು ಸಲವೂ ಅದಕ್ಕೆ ಉತ್ತರವಿಲ್ಲ. ಕೊನೆಗೆ, 'ಹೊಸ ಪ್ರೆಸಿಂಗಿನ ಧ್ವನಿ ಇನ್ನೂ ಚೆನ್ನಾಗಿರುತ್ತೆ, ನಿಮಗೇ ಲಾಭ' ಅಂತ ಬರೆದು ಬ್ಲಾಕ್ ಮಾಡಿದ. ನಿಮಗೇ ಲಾಭವಂತೆ!

ರೀಇಶ್ಯೂ, ಅಂದರೆ ಆಮೇಲೆ ಮತ್ತೆ ಅಚ್ಚು ಹಾಕಿದ ತಟ್ಟೆ, ಅದರ ಮೇಲೆ ನನಗೆ ದ್ವೇಷವಿಲ್ಲ. ರೀಇಶ್ಯೂ ಅಂತಲೇ ಹೇಳಿ ಅದರ ಬೆಲೆಗೆ ಕೊಟ್ಟಿದ್ದರೆ ಸಂತೋಷವಾಗಿ ತಗೋತಿದ್ದೆ.

ಕವರಿನ ಹಿಂಬದಿಯ ಪೂರ್ತಿ ಫೋಟೋ ಕೇಳಿ. ಚೀಟಿ ಇದ್ದರೆ ತೆಗೆಸಿ ನೋಡಿ. ತಟ್ಟೆಯಲ್ಲಿ ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಖಾಲಿ ಜಾಗ ಇರುತ್ತಲ್ಲ, ಯಾವ ಪ್ರೆಸಿಂಗ್ ಅಂತ ತಿಳಿಯೋಕೆ ಅಲ್ಲಿ ಕೆತ್ತಿರೋ ಅಕ್ಷರ, ನಂಬರುಗಳ ಫೋಟೋವನ್ನು ಬೆಳಕು ಹಾಯಿಸಿ ತೆಗೆದು ಕಳಿಸಲಿ. ಕಳಿಸಲ್ಲ ಅಂದರೆ ಬಿಟ್ಟುಬಿಡಿ. ಸ್ನೇಹಿತರಿಗೆ ಕಳಿಸೋ ಹಾಗೆ ಹಣ ಕಳಿಸಿ ಅನ್ನೋನಿಗೆ ಒಂದು ಡಾಲರೂ ಕೊಡಬೇಡಿ.

ಇವತ್ತು ಬೆಳಿಗ್ಗೆ ಹೆಂಡತಿಯ ಖಾತೆಯಿಂದ ನೋಡಿದೆ. ಅದೇ ಆಲ್ಬಮ್ಮಿನ ಇನ್ನೊಂದು ಪ್ರತಿ ಹಾಕಿದ್ದಾನೆ, '1974ರ ಒರಿಜಿನಲ್' ಅಂತಲೇ. ಅದೇ ಮೂಲೆಯಲ್ಲಿ ಅಂಥದ್ದೇ ಬೆಲೆಚೀಟಿ.