ಕಂಟ್ರಾಕ್ಟರ್‌ಗೆ ಪೂರ್ತಿ ದುಡ್ಡು ಕೊಟ್ಟ ಮೇಲೂ ಮನೆ ಮೇಲೆ ಲೀನ್ ಬೀಳಬಹುದು

ಕ್ಯಾಲಿಫೋರ್ನಿಯಾದಲ್ಲಿ ಮನೆ ರಿಮಾಡೆಲ್ ಮಾಡಿಸುತ್ತಿರುವವರು ಮುಂದಿನ ಕಂತಿನ ಚೆಕ್ ಬರೆಯುವ ಮೊದಲು ಇದನ್ನು ಓದಿ.

ಬೇ ಏರಿಯಾದ ಒಂದು ಮನೆಯಲ್ಲಿ ಅಡುಗೆಮನೆ ಕೆಲಸ ಮುಗಿದು, ಕಂಟ್ರಾಕ್ಟರ್‌ಗೆ ಕೊನೆಯ ಕಂತೂ ಸಂದಾಯವಾಗಿತ್ತು. ಆಮೇಲೆ ಅಂಚೆಯಲ್ಲಿ ಮೆಕ್ಯಾನಿಕ್ಸ್ ಲೀನ್‌ನ, ಅಂದರೆ ಬಾಕಿ ದುಡ್ಡಿಗಾಗಿ ಮನೆಯ ಮೇಲೆ ಹಾಕುವ ಹಕ್ಕಿನ, ಪ್ರತಿ ಬಂತು. ಕ್ಯಾಬಿನೆಟ್ ಕೊಟ್ಟ ಸಪ್ಲೈಯರ್‌ಗೆ 18,000 ಡಾಲರ್ ಬಾಕಿ, ಅದು ಆಸ್ತಿ ದಾಖಲೆ ಇಡುವ ಕೌಂಟಿ ರೆಕಾರ್ಡರ್ ಆಫೀಸಿನಲ್ಲಿ ಇವರ ಮನೆಯ ಮೇಲೆ ದಾಖಲು. ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ಹಳೆ ಸಾಲದ ಬದಲು ಹೊಸ ಸಾಲ ಪಡೆಯಲು ಹಾಕಿದ್ದ ರಿಫೈನಾನ್ಸ್ ಅರ್ಜಿ, ಮನೆಯ ಮೇಲಿನ ಹಕ್ಕುಗಳನ್ನು ತೋರಿಸುವ ಟೈಟಲ್ ರಿಪೋರ್ಟ್ ಹಂತದಲ್ಲೇ ನಿಂತಿತು. ಕೊನೆಗೆ ಅದೇ ಕ್ಯಾಬಿನೆಟ್‌ಗೆ ಎರಡನೇ ಸಲ ದುಡ್ಡು ತೆತ್ತರು.

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಇದು ಅನ್ಯಾಯ ಅನಿಸುತ್ತದೆ. ಅಲ್ಲಿ ಮೇಸ್ತ್ರಿ ಟೈಲ್ಸ್ ಅಂಗಡಿಗೆ ಬಾಕಿ ಉಳಿಸಿಕೊಂಡರೆ ಅದು ಅವರಿಬ್ಬರ ವ್ಯವಹಾರ. ಇಲ್ಲಿ ಕೆಲಸ ಮಾಡಿದವರಿಗೂ ಸಾಮಾನು ಕೊಟ್ಟವರಿಗೂ ಮನೆಯ ಮೇಲೇ ಹಕ್ಕಿದೆ. ರಾಜ್ಯದ ಸಂವಿಧಾನವೇ ಅದನ್ನು ಕೊಟ್ಟಿದೆ. ಕಂಟ್ರಾಕ್ಟರ್‌ಗೆ ದುಡ್ಡು ಕೊಟ್ಟ ರಸೀದಿ ತೋರಿಸಿದರೆ ಲೀನ್ ಹೋಗುವುದಿಲ್ಲ.

ಆ ಮನೆಗೆ ಎಚ್ಚರಿಕೆ ಬಂದಿರಲಿಲ್ಲವೇ? ಬಂದಿತ್ತು. ಕೆಲಸ ಶುರುವಾದ ಹೊಸತರಲ್ಲೇ ಸರ್ಟಿಫೈಡ್ ಮೇಲ್‌ನಲ್ಲಿ 'ಪ್ರಿಲಿಮಿನರಿ ನೋಟಿಸ್' (ನಿಮ್ಮ ಮನೆಗೆ ಕೆಲಸ ಅಥವಾ ಸಾಮಾನು ಕೊಡುತ್ತಿದ್ದೇವೆ, ದುಡ್ಡು ಬಾರದಿದ್ದರೆ ಲೀನ್ ಹಾಕಬಹುದು ಎಂದು ತಿಳಿಸುವ ಕಾಗದ) ಬಂದು, ಜಾಹೀರಾತು ಕಾಗದಗಳ ರಾಶಿಯೊಳಗೆ ಸೇರಿಹೋಗಿತ್ತು. ನಿಮ್ಮ ಜೊತೆ ನೇರ ಕರಾರಿಲ್ಲದ ಸಬ್‌ಕಂಟ್ರಾಕ್ಟರ್ ಅಥವಾ ಸಪ್ಲೈಯರ್ ಕೆಲಸ ಶುರುಮಾಡಿದ 20 ದಿನದೊಳಗೆ ಇದನ್ನು ಕಳಿಸಬೇಕು. ತಡವಾಗಿ ಕಳಿಸಿದರೆ ನೋಟಿಸ್‌ಗೆ ಹಿಂದಿನ 20 ದಿನದಿಂದ ಈಚಿನ ಕೆಲಸಕ್ಕೆ ಮಾತ್ರ ಹಕ್ಕು. ಇದು ದಾವೆಯಲ್ಲ, ಗಾಬರಿ ಬೇಡ. ಯಾರಿಗೆ ದುಡ್ಡು ತಲುಪಬೇಕು ಅನ್ನುವ ಪಟ್ಟಿ ನಿಮ್ಮ ಕೈಗೆ ತಾನಾಗಿ ಬಂದಂತೆ. ಕವರ್ ಸಮೇತ ಫೈಲ್ ಮಾಡಿ. ಕೂಲಿ ಕೆಲಸಗಾರರು ಈ ನೋಟಿಸ್ ಕೊಡಬೇಕಿಲ್ಲ, ಹಾಗಾಗಿ ಅವರ ಹೆಸರುಗಳನ್ನು ಕಂಟ್ರಾಕ್ಟರ್ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ.

ನಿಜವಾದ ರಕ್ಷಣೆ ಇರುವುದು ಲೀನ್ ಹಕ್ಕು ಬಿಟ್ಟುಕೊಡುವ 'ವೇವರ್ ಅಂಡ್ ರಿಲೀಸ್' ಕಾಗದದಲ್ಲಿ. ಇದರ ನಾಲ್ಕು ನಮೂನೆಗಳು ಕಾನೂನಿನಲ್ಲೇ ಇವೆ: ಮಧ್ಯದ ಕಂತಿಗೆ ಎರಡು, ಕೊನೆಯ ಕಂತಿಗೆ ಎರಡು. ದುಡ್ಡು ಕೊಡುವ ಮೊದಲು ಕಂಡಿಷನಲ್ (ದುಡ್ಡು ಕೈಸೇರಿದರೆ ಮಾತ್ರ ಹಕ್ಕು ಬಿಡುವಂಥದ್ದು) ತೆಗೆದುಕೊಳ್ಳಿ. ಚೆಕ್ ಪಾಸಾದ ಮೇಲೆ ಅನ್‌ಕಂಡಿಷನಲ್ (ಷರತ್ತಿಲ್ಲದೆ ಹಕ್ಕು ಬಿಡುವಂಥದ್ದು) ತೆಗೆದುಕೊಳ್ಳಿ, ಅದು ಕೈಸೇರುವವರೆಗೆ ಮುಂದಿನ ಕಂತು ಬಿಡಬೇಡಿ. ಬಹಳ ಜನ ಎಡವುವುದು ಸಹಿಯಲ್ಲಿ. ಕಂಟ್ರಾಕ್ಟರ್ ಸಹಿ ಹಾಕಿದರೆ ಬಿಟ್ಟುಹೋಗುವುದು ಕಂಟ್ರಾಕ್ಟರ್‌ನ ಹಕ್ಕು ಮಾತ್ರ. ಕ್ಯಾಬಿನೆಟ್‌ನವರು, ಪ್ಲಂಬರ್, ಎಲೆಕ್ಟ್ರಿಷಿಯನ್, ಒಬ್ಬೊಬ್ಬರ ಸಹಿಯೂ ಬೇರೆಬೇರೆಯಾಗಿ ಬೇಕು. ಸಹಿ ತಂದುಕೊಡಲು ಕಂಟ್ರಾಕ್ಟರ್ ಸತಾಯಿಸಿದರೆ ಕಂಟ್ರಾಕ್ಟರ್ ಮತ್ತು ಸಪ್ಲೈಯರ್ ಇಬ್ಬರ ಹೆಸರಿಗೂ ಸೇರಿಸಿ ಜಾಯಿಂಟ್ ಚೆಕ್ ಬರೆಯಿರಿ.

ಅಡ್ವಾನ್ಸ್ ಮಿತಿ 1,000 ಡಾಲರ್ ಅಥವಾ ಒಟ್ಟು ಮೊತ್ತದ ಶೇ. 10, ಎರಡರಲ್ಲಿ ಕಡಿಮೆಯದು. ಇದಕ್ಕಿಂತ ಹೆಚ್ಚು ಕೇಳುವವರ ಜೊತೆ ಕರಾರೇ ಬೇಡ. ಕಂಟ್ರಾಕ್ಟರ್ ಲೈಸೆನ್ಸಿಗಾಗಿ ಇಡುವ ಖಾತರಿ, ಲೈಸೆನ್ಸ್ ಬಾಂಡ್, ಇದೆ ಎಂದು ನೆಮ್ಮದಿಯಿಂದ ಕೂರಬೇಡಿ. 25,000 ಡಾಲರಿನ ಆ ಬಾಂಡ್ ಮೇಲೆ ಬೇರೆ ಮನೆಗಳವರೂ ಕ್ಲೇಮ್ ಹಾಕಬಹುದು.

ಲೀನ್ ಬಂದೇ ಬಿಟ್ಟರೆ ಮೊದಲು ತಾರೀಖು ನೋಡಿ. ಸಬ್‌ಕಂಟ್ರಾಕ್ಟರ್‌ಗೆ ಲೀನ್ ದಾಖಲಿಸಲು ಕೆಲಸ ಮುಗಿದ ಮೇಲೆ 90 ದಿನ ಇರುತ್ತದೆ. ಕೆಲಸ ಮುಗಿದ 15 ದಿನದೊಳಗೆ ನೀವು 'ನೋಟಿಸ್ ಆಫ್ ಕಂಪ್ಲೀಷನ್' ದಾಖಲಿಸಿದ್ದರೆ, ಆ ದಾಖಲಾತಿಯಿಂದ 30 ದಿನಕ್ಕೆ ಅವಧಿ ಇಳಿಯುತ್ತದೆ. ಪ್ರಿಲಿಮಿನರಿ ನೋಟಿಸ್ ಕೊಟ್ಟಿದ್ದರೇ ಎಂದು ಫೈಲ್ ತೆಗೆದು ನೋಡಿ. ಲೀನ್ ದಾಖಲಾಗಿ 90 ದಿನದೊಳಗೆ ಅವರು ಕೋರ್ಟಿಗೆ ಹೋಗದಿದ್ದರೆ, ನೀವಿಬ್ಬರೂ ಒಪ್ಪಿ ಅವಧಿ ವಿಸ್ತರಿಸಿರದಿದ್ದರೆ, ಲೀನ್‌ನ ಬಲ ಹೋಗುತ್ತದೆ. ಆದರೆ ಕೌಂಟಿ ದಾಖಲೆಯಿಂದ ತಾನಾಗಿ ಅಳಿಸಿಹೋಗುವುದಿಲ್ಲ, ಮನೆ ಮಾರುವಾಗ ಮತ್ತೆ ಎದುರಾಗುತ್ತದೆ. ಕೋರ್ಟಿಗೆ ಹೋಗುವ ಕನಿಷ್ಠ 10 ದಿನ ಮುಂಚೆ ಲಿಖಿತ ನೋಟಿಸ್ ಕೊಟ್ಟು ಲೀನ್ ರಿಲೀಸ್ ಕೇಳಿ. ಒಪ್ಪದಿದ್ದರೆ ಕೋರ್ಟಿಗೆ ಪಿಟಿಷನ್ ಹಾಕಿ. ಗೆದ್ದವರ ವಕೀಲರ ಫೀಸನ್ನು ಸೋತವರೇ ಕೊಡಬೇಕು. ಇಷ್ಟು ಹೇಳಿ ಒಂದು ಕಾಗದ ಬರೆದರೆ ಎಷ್ಟೋ ಸಪ್ಲೈಯರ್‌ಗಳು ಕೋರ್ಟಿನ ತನಕ ಎಳೆಯದೆ ರಿಲೀಸ್‌ಗೆ ಸಹಿ ಹಾಕುತ್ತಾರೆ.