ಲೋಡರ್ ಬೂಮ್ ತಾನಾಗೇ ಇಳಿಯುತ್ತಿದೆಯಾ? ಸೀಲ್ ಕಿಟ್ ತರುವ ಮುಂಚೆ ಯಾವ ಪರೀಕ್ಷೆ ಮಾಡಬೇಕು

ನಮ್ಮ ಚಿತ್ತಾಪುರ, ಶಹಾಬಾದ್ ಕಡೆ ಟ್ರ್ಯಾಕ್ಟರ್‌ಗೆ ಲೋಡರ್ ಹಾಕಿಸಿಕೊಂಡವರಿಗೆ ಈ ತೊಂದರೆ ಹೊಸದೇನಲ್ಲ. ಬಕೆಟ್ ತುಂಬ ಮುರುಮ್ ಎತ್ತಿ, ಲೀವರ್ ಬಿಟ್ಟು, ಟ್ರಾಲಿ ಹಿಂದೆ ಬರೋ ತನಕ ಕಾಯ್ತೀರಿ. ಅಷ್ಟರಲ್ಲಿ ಬೂಮ್ (ಬಕೆಟ್ ಎತ್ತುವ ತೋಳು) ಒಂದು ಗೇಣು ಕೆಳಗೆ ಬಂದಿರುತ್ತದೆ. ಗ್ಯಾರೇಜಿಗೆ ಹೋದರೆ ಒಬ್ಬ ಉಸ್ತಾದ್ "ಸೀಲ್ ಹೋಗ್ಯಾವ್ರಿ ಕಾಕಾ, ಕಿಟ್ ತರ್ರಿ" ಅಂದರು. ಇನ್ನೊಬ್ಬರು ಸಿಲಿಂಡರ್ ಕಡೆ ತಿರುಗಿಯೂ ನೋಡದೆ "ಡಿಸ್ಟ್ರಿಬ್ಯೂಟರ್ ಬದಲ್ ಮಾಡ್ರಿ" ಅಂದರು. ಸೀಲ್ ಕಿಟ್ (ಸಿಲಿಂಡರ್ ಒಳಗೆ ಆಯಿಲ್ ತಡೆಯುವ ಸೀಲ್‌ಗಳು) ನೂರಾರು ರೂಪಾಯಿಯಲ್ಲಿ ಮುಗಿಯುತ್ತದೆ, ಡಿಸ್ಟ್ರಿಬ್ಯೂಟರ್ (ಲೀವರ್ ಇರುವ, ಸಿಲಿಂಡರ್‌ಗೆ ಆಯಿಲ್ ಹಂಚುವ ವಾಲ್ವ್) ಅಂದರೆ ಸಾವಿರಾರು. ಹಾಗಾಗಿ ಯಾವುದು ಹೋಗಿದೆ ಅಂತ ನಾನೇ ನೋಡಿಬಿಡೋಣ ಅಂತ, ಜನ ಹೇಳುವ ಪರೀಕ್ಷೆಗಳನ್ನೆಲ್ಲ ನಮ್ಮ ಲೋಡರ್ ಮೇಲೇ ಮಾಡಿ ನೋಡಿದೆ. ಎಲ್ಲವೂ ಒಂದೇ ಉತ್ತರ ಕೊಡಲಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಖರ್ಚಿಲ್ಲದ ಕೆಲಸ. ಲೀವರ್ ಬಿಟ್ಟಾಗ ಸ್ಪೂಲ್, ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ಹಿಂದೆ ಮುಂದೆ ಜಾರುವ ಕಡ್ಡಿ, ಪೂರ್ತಿ ನಡುವಿಗೆ ವಾಪಸ್ ಬರುತ್ತಾ ನೋಡಿ. ನಮ್ಮ ಕರಿ ಮಣ್ಣು ಮಳೆಗಾಲದಲ್ಲಿ ಲೀವರ್‌ನ ಲಿಂಕ್‌ಗೆ ಮೆತ್ತಿಕೊಂಡು ಒಣಗಿದರೆ ಕಲ್ಲಾಗುತ್ತದೆ. ಸ್ಪೂಲ್ ಒಂದೆರಡು ಮಿಲಿಮೀಟರ್ ಆಚೆ ನಿಂತರೂ ಆಯಿಲ್ ದಾರಿ ಹುಡುಕಿಕೊಳ್ಳುತ್ತದೆ. ತೊಳೆದು, ಗ್ರೀಸ್ ಹಾಕಿ, ಆಮೇಲೆ ಮುಂದಿನ ಮಾತು.

ಎಲ್ಲರೂ ಮಾಡುವ ಪರೀಕ್ಷೆ ಅಂದರೆ ಗುರುತು ಹಾಕಿ ಕಾಯುವುದು. ಬಕೆಟ್ ಎತ್ತಿ, ಇಂಜಿನ್ ಬಂದ್ ಮಾಡಿ, ಸಿಲಿಂಡರ್‌ನಿಂದ ಹೊರಬಂದ ರಾಡ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಸ್ವಲ್ಪ ಹೊತ್ತಾದ ಮೇಲೆ ಟೇಪ್ ಹಿಡಿಯುವುದು. ಸುಲಭ, ಒಪ್ಪುತ್ತೇನೆ. ಆದರೆ ಇಳಿಯುತ್ತಿದೆ ಅಂತ ಹೇಳುತ್ತದೆಯೇ ಹೊರತು ಎಲ್ಲಿಂದ ಅಂತ ಹೇಳುವುದಿಲ್ಲ. ಇದನ್ನು ಕೆಲಸ ಮುಗಿದ ಮೇಲೆ ಆಯಿಲ್ ಬಿಸಿ ಇದ್ದಾಗಲೇ ಮಾಡಿ. ಜನವರಿ ಮುಂಜಾನೆ ದಪ್ಪ ಆಯಿಲ್‌ನಲ್ಲಿ ಗಟ್ಟಿಯಾಗಿ ನಿಂತ ಬೂಮ್, ಮೇ ತಿಂಗಳಲ್ಲಿ ಕಲಬುರಗಿ ಬಿಸಿಲು 42 ಡಿಗ್ರಿ ದಾಟಿದಾಗ ಕಣ್ಣೆದುರೇ ಇಳಿಯುತ್ತದೆ. ವಿಜಿ 46 ಹೈಡ್ರಾಲಿಕ್ ಆಯಿಲ್‌ನ ಆ 46 ಅನ್ನೋ ಅಂಕಿ ಆಯಿಲ್ ಎಷ್ಟು ದಪ್ಪ ಅಂತ 40 ಡಿಗ್ರಿಯಲ್ಲಿ ಅಳೆದದ್ದು, ಅದಕ್ಕಿಂತ ಬಿಸಿಯಾದರೆ ಆಯಿಲ್ ಇನ್ನೂ ತೆಳ್ಳಗಾಗುತ್ತದೆ. "68 ಹಾಕಿಬಿಡ್ರಿ, ನಿಲ್ತದ" ಅನ್ನುವವರಿದ್ದಾರೆ. ಸ್ವಲ್ಪ ನಿಲ್ಲಬಹುದು, ಆದರೆ ಅದರಿಂದ ಸವೆದದ್ದು ಸರಿಹೋಗಲ್ಲ. ಟ್ರ್ಯಾಕ್ಟರ್‌ನ ಗೇರ್‌ಗೂ ಹೈಡ್ರಾಲಿಕ್‌ಗೂ ಒಂದೇ ಆಯಿಲ್ ಇದ್ದರೆ ಸುಮ್ನೆ ಬದಲಾಯಿಸಲೂಬಾರದು, ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಬೇಕು.

ಎರಡನೆಯದು, ಗ್ಯಾರೇಜಿನವರಿಗೆ ಬಹಳ ಇಷ್ಟವಾದದ್ದು: ಎರಡೂ ಹೋಸ್ ಪೈಪ್‌ಗಳ ಕಪ್ಲರ್ (ಬಿಚ್ಚಿದರೆ ತಾನೇ ಬಾಯಿ ಮುಚ್ಚಿಕೊಳ್ಳುವ ಜೋಡಣೆ) ಬಿಚ್ಚಿಬಿಡುವುದು. ಬೂಮ್ ನಿಂತರೆ ಡಿಸ್ಟ್ರಿಬ್ಯೂಟರ್ ಕೆಟ್ಟಿದೆ, ಇಳಿದರೆ ಸಿಲಿಂಡರ್ ಕೆಟ್ಟಿದೆ, ಅಂತ ಲೆಕ್ಕ. ಕೇಳೋಕೆ ಸರಿ ಅನಿಸುತ್ತದೆ, ಅಲ್ವಾ? ಬೂಮ್ ಎತ್ತುವ ಸಿಲಿಂಡರ್‌ಗೆ ಈ ಲೆಕ್ಕ ತಪ್ಪು. ಬೂಮ್ ಇಳಿಯಬೇಕಾದರೆ ರಾಡ್ ಒಳಗೆ ಹೋಗಬೇಕು. ಪಿಸ್ಟನ್ ಸೀಲ್ ಹರಿದಿದ್ದರೂ ಪಿಸ್ಟನ್ ಕೆಳಗಿನ ಆಯಿಲ್ ಮೇಲಿನ ಬದಿಗೆ ಬರುತ್ತದೆ ಅಷ್ಟೇ. ಆದರೆ ಆ ಬದಿಯಲ್ಲಿ ರಾಡ್ ಜಾಗ ಹಿಡಿದುಕೊಂಡಿದೆ, ಹಾಗಾಗಿ ಅಲ್ಲಿ ಅಷ್ಟು ಆಯಿಲ್‌ಗೆ ಜಾಗ ಇರಲ್ಲ. ಮಿಕ್ಕಿದ್ದು ಹೊರಗೆ ಹೋಗಲೇಬೇಕು, ಎರಡೂ ಬಾಯಿ ಮುಚ್ಚಿದ್ದರೆ ಹೋಗೋದೆಲ್ಲಿಗೆ? ಬೂಮ್ ಸ್ವಲ್ಪ ಕುಸಿದು ನಿಂತುಬಿಡುತ್ತದೆ. ನಮ್ಮದರಲ್ಲಿ ಹಾಗೇ ಆಯಿತು. ನೋಡಿದವರೆಲ್ಲ ಡಿಸ್ಟ್ರಿಬ್ಯೂಟರ್ ಕಡೆ ಬೆರಳು ತೋರಿಸಿದರು.

ಇದರಲ್ಲಿ ಅಪಾಯವೂ ಇದೆ. 63 ಮಿಲಿಮೀಟರ್ ಬೋರ್ (ಸಿಲಿಂಡರ್‌ನ ಒಳಗಿನ ಅಗಲ), 35 ಮಿಲಿಮೀಟರ್ ರಾಡ್ ಇರುವ ಸಿಲಿಂಡರ್ ಅಂದುಕೊಳ್ಳಿ. ಸೀಲ್ ಸೋರಿ ಎರಡೂ ಬದಿ ಒತ್ತಡ ಸಮವಾದರೆ, ಭಾರ ಹೊರಲು ಉಳಿಯುವುದು ರಾಡ್‌ನ ದಪ್ಪದಷ್ಟು ಜಾಗ ಮಾತ್ರ. ಒತ್ತಡ 3.24 ಪಟ್ಟು ಏರುತ್ತದೆ. 60 ಬಾರ್ ಇದ್ದದ್ದು 190 ದಾಟುತ್ತದೆ. ಅಂಥ ಪೈಪಿನ ಹತ್ತಿರ ಕೈ ಇಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮದೊಳಗೆ ಹೊಕ್ಕುಬಿಡುತ್ತದೆ, ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಸೋರಿಕೆ ಹುಡುಕೋಕೆ ರಟ್ಟಿನ ತುಂಡು ಹಿಡಿಯಿರಿ.

ಬಕೆಟ್ ಮಗುಚುವ ಸಿಲಿಂಡರ್ ಮಾತು ಬೇರೆ. ನಮ್ಮ ಲೋಡರ್‌ನಲ್ಲಿ ಮಣ್ಣಿನ ಭಾರ ಆ ರಾಡನ್ನು ಹೊರಗೆ ಎಳೆಯುತ್ತದೆ. ಎಳೆದಾಗ ಮೇಲಿನ ಬದಿಯ ಆಯಿಲ್‌ಗೆ ಕೆಳಗೆ ಬೇಕಾದಷ್ಟು ಜಾಗ ಸಿಗುತ್ತದೆ, ಹಾಗಾಗಿ ಸೀಲ್ ಒಂದು ಹೋದರೂ ಸಾಕು, ಬಕೆಟ್ ಬಾಯಿ ಬಗ್ಗುತ್ತದೆ. ಕಪ್ಲರ್ ಬಿಚ್ಚುವ ಪರೀಕ್ಷೆ ಅಲ್ಲಿ ನಿಜ ಹೇಳುತ್ತದೆ.

ಬೂಮ್‌ಗೆ ನನಗೆ ಸರಿಯಾದ ಉತ್ತರ ಕೊಟ್ಟದ್ದು ಬಾಲ್ ವಾಲ್ವ್. ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡೆ ಹೋಸ್ ಪೈಪ್ ಮಾಡಿಕೊಡುವ ಅಂಗಡಿಯಲ್ಲಿ ನಿಪ್ಪಲ್ ಸಮೇತ ತಂದೆ. ಹೈಡ್ರಾಲಿಕ್‌ದೇ ಇರಬೇಕು, ಮೈ ಮೇಲೆ 315 ಬಾರ್ ಅಥವಾ ಹೆಚ್ಚು ಅಂತ ಬರೆದಿರುವುದು. ನೀರಿನ ಪೈಪಿನ ಹಿತ್ತಾಳೆ ವಾಲ್ವ್ ಹಾಕಿದರೆ ಸಿಡಿದು ಮುಖಕ್ಕೇ ಬರುತ್ತದೆ. ಬಕೆಟ್ ನೆಲಕ್ಕೆ ಇಟ್ಟು, ಇಂಜಿನ್ ಬಂದ್ ಮಾಡಿ, ಲೀವರ್ ಆಡಿಸಿ ಒತ್ತಡ ಬಿಟ್ಟ ಮೇಲೆ, ಸಿಲಿಂಡರ್‌ನ ಕೆಳಗಿನ ಬಾಯಿಗೆ ಮಾತ್ರ ವಾಲ್ವ್ ಕೂರಿಸಬೇಕು. ಮೇಲಿನ ಬಾಯಿ ಹಾಗೇ ಇರಲಿ. ಖಾಲಿ ಬಕೆಟ್ ಒಂದೆರಡು ಅಡಿ ಎತ್ತಿ, ವಾಲ್ವ್ ಮುಚ್ಚಿ, ಇಂಜಿನ್ ಬಂದ್ ಮಾಡಿ, ಲೀವರ್ ಫ್ಲೋಟ್‌ಗೆ ತಳ್ಳಿ. ಫ್ಲೋಟ್‌ನಲ್ಲಿ ಎರಡೂ ಲೈನ್ ಟ್ಯಾಂಕಿಗೆ ತೆರೆಯುತ್ತವೆ, ಅಂದರೆ ಡಿಸ್ಟ್ರಿಬ್ಯೂಟರ್ ಹಿಡಿದುಕೊಳ್ಳುವ ಮಾತೇ ಇಲ್ಲ. ಆಗ ಬೂಮ್ ನಿಂತರೆ ಆ ಸಿಲಿಂಡರ್ ಸೀಲ್ ಚೆನ್ನಾಗಿದೆ, ಇಳಿದರೆ ಸೀಲ್ ಹೋಗಿದೆ. ಫ್ಲೋಟ್ ಇಲ್ಲದ ಲೋಡರ್ ಆದರೆ ಮೇಲಿನ ಹೋಸ್ ಬಿಚ್ಚಿ ಡಬ್ಬಿಯಲ್ಲಿ ಬಿಟ್ಟು, ಲೀವರ್ ಇಳಿಸುವ ಕಡೆ ತಳ್ಳಿ. ಮೇಲೆ ಹೇಳಿದ ಅಳತೆಯ ಸಿಲಿಂಡರ್‌ನಲ್ಲಿ ರಾಡ್ ಒಂದು ಸೆಂಟಿಮೀಟರ್ ಒಳಗೆ ಹೋದರೆ ಹೆಚ್ಚುಕಡಿಮೆ 10 ಮಿಲಿಲೀಟರ್ ಆಯಿಲ್ ಡಬ್ಬಿಗೆ ಬೀಳುತ್ತದೆ.

ಎಡಗಡೆ ಹಾಕಿದಾಗ ಬೂಮ್ ಅಲುಗಾಡಲಿಲ್ಲ. ಬಲಗಡೆ ಹಾಕಿದಾಗ ನೋಡುತ್ತಿದ್ದಂತೆ ಇಳಿಯಿತು. ಎರಡು ಸಿಲಿಂಡರ್ ಇರುವಲ್ಲಿ ಯಾವುದು ಅಂತಲೂ ಹೇಳುವುದು ಇದರ ದೊಡ್ಡ ಲಾಭ. ಬೇರೆ ಯಾವ ಪರೀಕ್ಷೆಯೂ ಇಷ್ಟು ಸ್ಪಷ್ಟವಾಗಿ ಹೇಳಲಿಲ್ಲ.

ಒಂದು ಎಚ್ಚರಿಕೆ, ದಯವಿಟ್ಟು ಮರೆಯಬೇಡಿ. ವಾಲ್ವ್ ತೆರೆಯುವ ಮುಂಚೆ ಲೀವರ್ ನ್ಯೂಟ್ರಲ್‌ಗೆ ತರಬೇಕು. ಫ್ಲೋಟ್‌ನಲ್ಲೇ ತೆರೆದರೆ ಬೂಮ್ ಧಡ್ ಅಂತ ಬೀಳುತ್ತದೆ. ಬಕೆಟ್ ಕೆಳಗೆ ಮರದ ದಿಮ್ಮಿ ಇಟ್ಟೇ ಮಾಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಇನ್ನೊಂದು ವಿಧಾನ ಇದೆ: ಸಿಲಿಂಡರನ್ನು ಕೊನೆತನಕ ಚಾಚಿ, ಮೇಲಿನ ಹೋಸ್ ಬಿಚ್ಚಿ, ಡಿಸ್ಟ್ರಿಬ್ಯೂಟರ್ ಕಡೆಯ ತುದಿಗೆ ಪ್ಲಗ್ ಹಾಕಿ, ಇಂಜಿನ್ ಚಾಲೂ ಇಟ್ಟು ಲೀವರ್ ಹಿಡಿಯುವುದು. ಬಿಚ್ಚಿದ ಬಾಯಿಯಿಂದ ಆಯಿಲ್ ಬರುತ್ತಲೇ ಇದ್ದರೆ ಸೀಲ್ ಹೋಗಿದೆ. ಬೂಮ್‌ಗೆ ಇದನ್ನು ಮಾಡಬೇಕಾದರೆ ಎತ್ತಿದ ಬೂಮ್ ಪಕ್ಕ, ಇಂಜಿನ್ ಚಾಲೂ ಇರುವಾಗ ನಿಲ್ಲಬೇಕು, ಅದು ನನಗೆ ಬೇಡ. ಬೋರ್ ನಡುವಿನಲ್ಲಿ ಗೀರು ಬಿದ್ದಿದ್ದರೆ ಇದು ಹಿಡಿಯುವುದೂ ಇಲ್ಲ, ಯಾಕೆಂದರೆ ನೋಡುವುದು ಕೊನೆಯ ಜಾಗ ಒಂದನ್ನೇ. ಬಕೆಟ್ ಸಿಲಿಂಡರ್‌ಗೆ ಮಾತ್ರ ಇದು ಒಳ್ಳೆಯದು, ಬಕೆಟ್ ನೆಲದ ಮೇಲೇ ಇಟ್ಟು ಮಾಡಬಹುದು.

ಬಲಗಡೆ ಸಿಲಿಂಡರ್ ಬಿಚ್ಚಿದಾಗ ಸೀಲ್‌ನ ಒಂದು ಅಂಚು ಉಗುರಿನಷ್ಟು ಕಿತ್ತುಹೋಗಿತ್ತು, ಸೀಲ್ ಕೂರುವ ತೋಡಿನಲ್ಲಿ ಫರ್ಸಿ ಕಲ್ಲಿನ ಬಿಳಿ ಪುಡಿ ಕೂತಿತ್ತು. ಉಸ್ತಾದ್ ಬೋರ್ ಒಳಗೆ ಬೆರಳಾಡಿಸಿ "ಗೀರಿಲ್ಲ, ಉಳೀತು" ಅಂದರು. ಕಿಟ್ ಹಾಕಿದ ಮೇಲೆ ಬೂಮ್ ಇಳಿಯುವುದು ಬಹಳ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ. ಪೂರ್ತಿ ನಿಲ್ಲುವುದೂ ಇಲ್ಲ. ಸ್ಪೂಲ್‌ಗೂ ಅದರ ಮನೆಗೂ ನಡುವೆ ಸೀಲ್ ಇರಲ್ಲ, ಕಬ್ಬಿಣಕ್ಕೆ ಕಬ್ಬಿಣ, ಸಂದು ಕೂದಲಿಗಿಂತ ಸಣ್ಣದಾದರೂ ಆಯಿಲ್ ಸ್ವಲ್ಪ ಸ್ವಲ್ಪ ಜಾರುತ್ತದೆ. ಎಷ್ಟರ ತನಕ ನಡೆಯುತ್ತದೆ ಅಂತ ಲೋಡರ್ ಪುಸ್ತಕದಲ್ಲಿ ನೋಡಿ. ಬಾಲ್ ವಾಲ್ವ್ ಪರೀಕ್ಷೆಯಲ್ಲಿ ಎರಡೂ ಸಿಲಿಂಡರ್ ನಿಂತು, ವಾಲ್ವ್ ತೆಗೆದ ಮೇಲೆ ನ್ಯೂಟ್ರಲ್‌ನಲ್ಲಿ ಜೋರಾಗಿ ಇಳಿದರೆ ಆಗ ಡಿಸ್ಟ್ರಿಬ್ಯೂಟರ್‌ಗೆ ದುಡ್ಡು ಹಾಕಿ. ಸವೆದ ಸ್ಪೂಲ್‌ಗೆ ಓ-ರಿಂಗ್ ಬದಲಾಯಿಸಿದರೆ ಹೊರಗಿನ ಸೋರಿಕೆ ನಿಲ್ಲುತ್ತದೆ, ಬೂಮ್ ಇಳಿಯುವುದು ನಿಲ್ಲಲ್ಲ. ಫರ್ಸಿ ಖಣಿ ಕಡೆ ಕೆಲಸ ಮಾಡುವವರು ಫಿಲ್ಟರ್ ಸ್ವಲ್ಪ ಬೇಗನೇ ಬದಲಾಯಿಸಿ, ಆ ಪುಡಿ ಸೀಲನ್ನೂ ತಿನ್ನುತ್ತದೆ, ಸ್ಪೂಲನ್ನೂ ತಿನ್ನುತ್ತದೆ.